ಅಸ್ಸಾಂನ ಡಿಗ್ಬೋಯಾ, ನಾರ್ವೆಯ ಸ್ಟಾವಂಗರಾ? ಎರಡೂ ಪೆಟ್ರೋಲಿಯಂ ಎಣ್ಣೆ ಮ್ಯೂಸಿಯಂ ನೋಡ್ಕೊಂಡು ಬಂದ್ಮೇಲೆ

ಹಾಸನದ ಹತ್ರ ನಮ್ ಹೊಲದ ಅಡಿಲೇ ಮಂಗಳೂರು-ಹಾಸನ-ಬೆಂಗಳೂರು ಪೈಪ್‌ಲೈನ್ ಹೋಗಿದೆ, 360 ಕಿಲೋಮೀಟರ್ ಚಿಲ್ರೆ ಉದ್ದ, ಪೆಟ್ರೋಲು ಡೀಸೆಲ್ಲು ಒಂದೇ ಪೈಪಲ್ಲಿ ಒಂದರ ಹಿಂದೆ ಒಂದು ಬರೋದು. ಅದರ ಮೇಲೆ ರಾಗಿ ಹಾಕ್ಬೋದು, ತೆಂಗಿನ ಸಸಿ ಇಡಂಗಿಲ್ಲ, ಮನೆ ಕಟ್ಟಂಗಿಲ್ಲ. ಹಂಗಾಗಿ ನಮ್ಮಪ್ಪಂಗೆ ಈ ಎಣ್ಣೆ ನೆಲದೊಳಗೆ ಹೆಂಗಿರುತ್ತೆ ಅನ್ನೋದು ಮೊದಲಿಂದ್ಲೂ ತಲೇಲಿತ್ತು. "ಅಲ್ಲ ಕಣವ್ವ, ಒಳಗೆ ಕೆರೆ ಥರ ನಿಂತಿರ್ತದಾ?" ಅಂತ ಕೇಳೋರು.

ನಮ್ ಭಾವ ಆರ್ಮಿಲಿ, ಅಸ್ಸಾಂಗೆ ಪೋಸ್ಟಿಂಗ್ ಆದಾಗ ಅಪ್ಪನ್ನ ಕರ್ಕೊಂಡು ಡಿಗ್ಬೋಯ್‌ಗೆ ಹೋದೆ. ತಿನ್ಸುಕಿಯಾ ಜಿಲ್ಲೆ. ಅಲ್ಲಿ ಮ್ಯೂಸಿಯಂ ಅಂಗಳದಲ್ಲೇ 1889ರಲ್ಲಿ ಎಣ್ಣೆ ಸಿಕ್ಕ ಮೊದಲನೇ ಬಾವಿ ಇದೆ, ಮಾಡೆಲ್ ಅಲ್ಲ, ಅದೇ ಬಾವಿ. ರೈಲ್ವೆ ಕೆಲಸಕ್ಕೆ ಮರ ಎಳೀತಿದ್ದ ಆನೆ ಕಾಲಿಗೆ ಎಣ್ಣೆ ಮೆತ್ತಿಕೊಂಡು ಬಂದಿದ್ದು ನೋಡಿ ಇಲ್ಲೇ ಕೊರೆದ್ರು ಅಂತ ಕಥೆ ಹೇಳ್ತಾರೆ. ಆಳ 662 ಅಡಿ ಅಂದಿದ್ದೇ ತಡ ಅಪ್ಪ ನಿಂತೇಬಿಟ್ರು, ಯಾಕಂದ್ರೆ ನಮ್ ಅರಸೀಕೆರೆ ಕಡೆ ಬೋರ್‌ವೆಲ್ಲೇ ಅಷ್ಟು ಹೋಗುತ್ತೆ, ಅದೂ ನೀರಿಗೆ! ಹಳೇ ಯಂತ್ರಗಳನ್ನೆಲ್ಲ ಹೊರಗೇ ಇಟ್ಟಿದಾರೆ, ಅಪ್ಪ ಒಂದೊಂದನ್ನೂ ಮುಟ್ಟಿ ನೋಡಿದ್ರು. ಪಕ್ಕದ ರಿಫೈನರಿ 1901ರದ್ದು, ಇನ್ನೂ ನಡೀತಿದೆ, ಅಲ್ಲಿನ ಎಣ್ಣೆಲಿ ಮೇಣ ಜಾಸ್ತಿ.

ಸ್ಟಾವಂಗರ್ ನಾರ್ವೆದು, ಆಫೀಸ್ ಕೆಲಸದ ಮೇಲೆ ಹೋದಾಗ ನಾನೊಬ್ಳೇ ನೋಡಿದ್ದು. ಬಂದರಿನ ನೀರಿನ ಪಕ್ಕ ಮ್ಯೂಸಿಯಂನ ಸಮುದ್ರದಲ್ಲಿ ಎಣ್ಣೆ ತೆಗೆಯೋಕೆ ನಿಲ್ಲಿಸೋ ಪ್ಲಾಟ್‌ಫಾರ್ಮ್ ಥರಾನೇ ಕಟ್ಟಿದಾರೆ, 1999ರಲ್ಲಿ ಶುರುವಾಗಿದ್ದು. ಅಪ್ಪನ ಕೆರೆ ಪ್ರಶ್ನೆಗೆ ಉತ್ತರ ನಂಗೆ ಸರಿಯಾಗಿ ಅರ್ಥ ಆಗಿದ್ದು ಇಲ್ಲೇ. ಕೆರೆ ಅಲ್ಲ, ಕಲ್ಲಿನ ಸಣ್ಣ ಸಣ್ಣ ರಂಧ್ರದಲ್ಲಿ ಎಣ್ಣೆ ಹೀರ್ಕೊಂಡಿರುತ್ತೆ, ಮೇಲೊಂದು ರಂಧ್ರವಿಲ್ಲದ ಪದರ ಮುಚ್ಚಳದ ಥರ ಕೂತಿರುತ್ತೆ. ಡಿಗ್ಬೋಯ್‌ಲಿ ಎಣ್ಣೆ ಹಿಡಿದಿರೋದು ಮರಳುಗಲ್ಲು, ನಾರ್ವೆಯ ಎಕೋಫಿಸ್ಕ್ ಅನ್ನೋ ಸಮುದ್ರದ ಎಣ್ಣೆ ಕ್ಷೇತ್ರದಲ್ಲಿ ಸೀಮೆಸುಣ್ಣದ ಕಲ್ಲು, ಸಮುದ್ರತಳದಿಂದ ಸುಮಾರು 3 ಕಿಲೋಮೀಟರ್ ಕೆಳಗೆ. ಎಣ್ಣೆ ತೆಗೀತಾ ತೆಗೀತಾ ಆ ಕಲ್ಲು ಕುಗ್ಗಿ ಸಮುದ್ರತಳಾನೇ ಇಳೀತು, 1987ರಲ್ಲಿ ಪ್ಲಾಟ್‌ಫಾರ್ಮ್‌ಗಳನ್ನ 6 ಮೀಟರ್ ಎತ್ತರಿಸಬೇಕಾಯ್ತು. ನಮ್ ಹಾಸನದ ಕಡೆ ನೆಲದಡಿ ಇರೋದು ಹಳೇ ಗಟ್ಟಿ ಬಂಡೆ, ಅದ್ರಲ್ಲಿ ಎಣ್ಣೆ ಹುಟ್ಟೋದಕ್ಕೂ ಆಗಲ್ಲ, ಕೂರೋಕೂ ಜಾಗ ಇಲ್ಲ.

ಇನ್ನೊಂದು ವಿಷ್ಯ. 1980ರ ಮಾರ್ಚ್ 27ಕ್ಕೆ ಅದೇ ನಾರ್ವೆ ಕಡೆ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಅನ್ನೋ ತೇಲೋ ರಿಗ್ (ಎಣ್ಣೆ ಕೆಲಸದ ತೇಲುಕಟ್ಟೆ) ಮಗುಚಿ 123 ಜನ ಸತ್ರು, ವೆಲ್ಡಿಂಗ್‌ನಲ್ಲಿ ಶುರುವಾದ ಬಿರುಕಿಂದ. ಆ ದುರಂತನ ಸ್ಟಾವಂಗರ್ ಮ್ಯೂಸಿಯಂನವ್ರು ಮುಚ್ಚಿಟ್ಟಿಲ್ಲ, ಅದನ್ನೂ ತೋರಿಸ್ತಾರೆ. ಅದರ ಮುಂದೆ ನಿಂತಾಗ ನಮ್ ಟ್ಯಾಂಕರ್ ಡ್ರೈವರ್‌ಗಳೆಲ್ಲ ನೆನಪಾದ್ರು, ಸುಮಾರು ಹೊತ್ತು ಅಲ್ಲಿಂದ ಕದಲೋಕಾಗ್ಲಿಲ್ಲ.

ವಿಜ್ಞಾನ ಕಲೀಬೇಕು, ಮಕ್ಳು ಜೊತೇಲಿದಾರೆ ಅಂದ್ರೆ ಸ್ಟಾವಂಗರೇ ಮೇಲು, ಆದ್ರೆ ಖರ್ಚು ಗೊತ್ತಲ್ಲ. ಒಂದೇ ನೋಡೋಕಾಗೋದು ಅಂದ್ರೆ ನಾನು ಡಿಗ್ಬೋಯ್ ಅಂತೀನಿ, ಬೋರ್‌ವೆಲ್ ಕೊರೆಸಿ ಗೊತ್ತಿರೋರಿಗೆ ಆ 662 ಅಡಿ ಬಾವಿ ಮುಂದೆ ನಿಂತಾಗ ಆಗೋ ಅನುಭವ ಯಾವ ಸ್ಕ್ರೀನಲ್ಲೂ ಸಿಗಲ್ಲ. ಮಳೆಗಾಲ ಬಿಟ್ಟು ಹೋಗಿ.

ಎರಡೂ ದೂರ ಅನ್ನೋರು ಇಲ್ಲೇ ಹಾಸನದ ಹತ್ರ ಮಡೆನೂರಿನ ಬಯೋಫ್ಯೂಯೆಲ್ ಪಾರ್ಕ್ ನೋಡಿ, ಬೆಂಗಳೂರು ಕೃಷಿ ವಿವಿ ಶುರು ಮಾಡಿದ್ದು. ಮ್ಯೂಸಿಯಂ ಅಲ್ಲ, ಆದ್ರೆ ಹೊಂಗೆ, ಹಿಪ್ಪೆ, ಬೇವಿನ ಎಣ್ಣೆ ಡೀಸೆಲ್ ಆಗೋದು ಹೆಂಗೆ ಅಂತ ತಿಳಿಯುತ್ತೆ: ಎಣ್ಣೆಗೆ ಮೆಥನಾಲ್ ಮತ್ತೆ ಕ್ಷಾರ ಸೇರಿಸಿದ್ರೆ ಗ್ಲಿಸರಿನ್ ತಳಕ್ಕೆ ಕೂರುತ್ತೆ, ಮೇಲೆ ಬಯೋಡೀಸೆಲ್ ನಿಲ್ಲುತ್ತೆ. ಅದನ್ನ ನೋಡ್ಕೊಂಡು ಬಂದ್ಮೇಲೆ ಅಪ್ಪ ಪೈಪ್‌ಲೈನ್ ಜಾಗ ಬಿಟ್ಟು ಆಚೆ ಬದುವಿನ ಮೇಲೆ ಹನ್ನೆರಡು ಹೊಂಗೆ ಸಸಿ ಇಟ್ಟಿದಾರೆ.