ಎರಡನೇ ಮಂಗಳವಾರದ ಸೀಟುಗಳು: ಸಿನಿಮಾ ಪಾಸ್ ಜೊತೆ ನಾಲ್ಕು ವರ್ಷ

ನಾನು ಇರುವುದು ನ್ಯೂಜೆರ್ಸಿಯಲ್ಲಿ. ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ ಹೋದರೆ ಒಂದು ದೊಡ್ಡ ಮಲ್ಟಿಪ್ಲೆಕ್ಸ್ ಸಿಗುತ್ತದೆ. 2021ರ ಬೇಸಿಗೆಯಲ್ಲಿ ಕೋವಿಡ್ ಭಯ ಸ್ವಲ್ಪ ತಗ್ಗಿ ಜನ ಮತ್ತೆ ಥಿಯೇಟರ್ ಕಡೆ ಮುಖ ಮಾಡಿದರಲ್ಲ, ಆಗ ಅಲ್ಲಿನ ತಿಂಗಳ ಪಾಸ್ ಮಾಡಿಸಿದೆ. ತಿಂಗಳಿಗೊಮ್ಮೆ ದುಡ್ಡು ಕಟ್ಟಿದರೆ ಸಿನಿಮಾಕ್ಕೊಂದು ಟಿಕೆಟ್ ಕೊಳ್ಳಬೇಕಿಲ್ಲ. ಇವತ್ತಿನವರೆಗೂ ಒಂದು ತಿಂಗಳೂ ಬಿಟ್ಟಿಲ್ಲ. ನೋಡಿದ ಸಿನಿಮಾ ಹೆಸರು, ತಾರೀಕು, ಹಾಲ್‌ನಲ್ಲಿ ಅಂದಾಜು ಎಷ್ಟು ಜನ ಇದ್ದರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊನ್ನೆ ಕೂತು ಎಣಿಸಿದೆ: 247. ಅದರಲ್ಲಿ ಮುಕ್ಕಾಲು ಪಾಲು ಹಾಲಿವುಡ್.

ಮೊದಲು ದುಡ್ಡಿನ ಮಾತು. ಪಾಸ್‌ಗೆ ತಿಂಗಳಿಗೆ ಇಪ್ಪತ್ತು ಚಿಲ್ಲರೆ ಡಾಲರ್. ಇಲ್ಲಿ ಸಂಜೆಯ ಒಂದು ಟಿಕೆಟ್ಟಿಗೇ ಹದಿನಾರು, ಹದಿನೇಳು ಡಾಲರ್ ಆಗುತ್ತದೆ. ಐಮ್ಯಾಕ್ಸ್ ಅಂದರೆ ಇನ್ನೂ ಜಾಸ್ತಿ. ತಿಂಗಳಿಗೆ ಎರಡು ಸಿನಿಮಾ ನೋಡಿದರೆ ಪಾಸ್ ದುಡ್ಡು ವಸೂಲಾಯಿತು. ಬುಕಿಂಗ್ ಶುಲ್ಕವೂ ಇಲ್ಲ. ಲೆಕ್ಕ ಇಷ್ಟೇ.

‘ಇಷ್ಟು ಕಡಿಮೆ ದುಡ್ಡಿಗೆ ಹೇಗೆ ಕೊಡುತ್ತಾರೆ, ನಾಳೆ ಮುಚ್ಚಿಹೋದರೆ?’ ಅಂತ ಸ್ನೇಹಿತರು ಕೇಳುತ್ತಾರೆ. ಅವರ ತಲೆಯಲ್ಲಿ ಇರುವುದು ಮೂವಿಪಾಸ್. ಆ ಕಂಪನಿ 2017ರ ಆಗಸ್ಟ್‌ನಲ್ಲಿ ತಿಂಗಳಿಗೆ 9.95 ಡಾಲರ್‌ಗೆ ದಿನಕ್ಕೊಂದು ಸಿನಿಮಾ ಅಂತ ಶುರು ಮಾಡಿತು. ಸದಸ್ಯರು 30 ಲಕ್ಷ ದಾಟಿದರು. ಅದಕ್ಕೆ ಸ್ವಂತ ಥಿಯೇಟರ್ ಇರಲಿಲ್ಲ. ನಾವು ನೋಡಿದ ಪ್ರತಿ ಸಿನಿಮಾಕ್ಕೂ ಥಿಯೇಟರಿನವರಿಗೆ ಪೂರ್ತಿ ಟಿಕೆಟ್ ದುಡ್ಡನ್ನು ಅದೇ ಕಟ್ಟಬೇಕಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ನನ್ನ ಪಾಸ್ ಅನ್ನು ಥಿಯೇಟರಿನವರೇ ನಡೆಸುತ್ತಾರೆ. ವಾರದ ಮಧ್ಯೆ ಹೇಗಿದ್ದರೂ ಸೀಟು ಖಾಲಿ. ನಾವು ಬಂದು ಪಾಪ್‌ಕಾರ್ನ್ ಕೊಂಡರೆ ಅವರಿಗೆ ಅದು ಲಾಭ.

ಆದರೆ ದುಡ್ಡು ಉಳಿದದ್ದಕ್ಕಿಂತ ನನಗೆ ಜಾಸ್ತಿ ಸಿಕ್ಕಿದ್ದು ಬೇರೆಯದು. ಟಿಕೆಟ್ ದುಡ್ಡಿನ ಚಿಂತೆ ತಲೆಯಿಂದ ಹೋದ ಮೇಲೆ ಒಳ್ಳೆಯದು, ಕೆಟ್ಟದ್ದು, ಹೆಸರೇ ಕೇಳದ್ದು, ಎಲ್ಲವನ್ನೂ ನೋಡಿದೆ. ಹಾಲಿವುಡ್ ಸಿನಿಮಾ ಯಾಕೆ ಓಡುತ್ತದೆ, ಯಾಕೆ ಮಕಾಡೆ ಮಲಗುತ್ತದೆ ಅನ್ನುವುದು ಪೇಪರಿನ ವಿಮರ್ಶೆಗಿಂತ ಚೆನ್ನಾಗಿ ಟಿಕೆಟ್ ಬುಕ್ ಮಾಡುವ ಆ್ಯಪ್‌ನ ಸೀಟಿನ ನಕ್ಷೆಯಲ್ಲಿ ಕಾಣಿಸುತ್ತಾ ಹೋಯಿತು.

ಬುಕ್ ಮಾಡುವಾಗ ಹಾಲ್‌ನ ಪೂರ್ತಿ ನಕ್ಷೆ ಬರುತ್ತದೆ ಅಲ್ವಾ, ಖಾಲಿ ಸೀಟಿಗೆ ಒಂದು ಬಣ್ಣ, ಹೋದ ಸೀಟಿಗೆ ಇನ್ನೊಂದು. ಶುಕ್ರವಾರ ರಾತ್ರಿಯ ನಕ್ಷೆ ನೋಡಿ ಏನೂ ಹೇಳಲು ಆಗುವುದಿಲ್ಲ. ಅವತ್ತು ಬರುವವರು ಟ್ರೈಲರ್ ನೋಡಿ ಬಂದವರು, ಇಲ್ಲವೇ ಅಭಿಮಾನಿಗಳು. ನಾನು ನೋಡುವುದು ಎರಡನೇ ಮಂಗಳವಾರದ ಸಂಜೆ ಏಳರ ಆಟ, ಅಂದರೆ ಬಿಡುಗಡೆಯಾದ ಹನ್ನೆರಡನೇ ದಿನ. ಮಂಗಳವಾರ ಇಲ್ಲಿ ಬಹಳ ಕಡೆ ಟಿಕೆಟ್ ಅಗ್ಗ. ಅಷ್ಟು ಹೊತ್ತಿಗೆ ಜಾಹೀರಾತಿನ ಗದ್ದಲ ಅಡಗಿರುತ್ತದೆ. ಅವತ್ತು ಬಂದು ಕೂತವರಿಗೆ ಯಾರೋ ಒಬ್ಬರು ‘ಹೋಗಿ ನೋಡು’ ಅಂತ ಹೇಳಿರುತ್ತಾರೆ.

2023ರ ಜೂನ್ 16, ಶುಕ್ರವಾರ. ಒಂದೇ ದಿನ ಎರಡು ದೊಡ್ಡ ಸಿನಿಮಾ ಬಂದವು. ಒಂದು ವಾರ್ನರ್ ಬ್ರದರ್ಸ್‌ನ ‘ದಿ ಫ್ಲ್ಯಾಶ್’, ಇನ್ನೊಂದು ಡಿಸ್ನಿಯವರ ಅನಿಮೇಷನ್ ಸ್ಟುಡಿಯೋ ಪಿಕ್ಸಾರ್‌ನ ‘ಎಲಿಮೆಂಟಲ್’. ಎರಡಕ್ಕೂ ಹಾಕಿದ ಬಂಡವಾಳ ಹೆಚ್ಚುಕಡಿಮೆ 20 ಕೋಟಿ ಡಾಲರ್. ಮೊದಲ ಮೂರು ದಿನದಲ್ಲಿ ಫ್ಲ್ಯಾಶ್‌ಗೆ ಅಮೆರಿಕದಲ್ಲಿ ಸುಮಾರು 5.5 ಕೋಟಿ ಡಾಲರ್ ಬಂತು. ಎಲಿಮೆಂಟಲ್‌ಗೆ 3 ಕೋಟಿಯೂ ಪೂರ್ತಿ ಬರಲಿಲ್ಲ. ಪಿಕ್ಸಾರ್ ಮುಗಿಯಿತು ಅಂತ ಎಲ್ಲ ಕಡೆ ಬರೆದರು. ಅದಕ್ಕೆ ಕಾರಣವೂ ಇತ್ತು. ಕೋವಿಡ್ ಹೊತ್ತಿನಲ್ಲಿ ಪಿಕ್ಸಾರ್‌ನ ಮೂರು ಸಿನಿಮಾಗಳನ್ನು ಡಿಸ್ನಿಯವರು ಇಲ್ಲಿ ಥಿಯೇಟರಿಗೆ ತರದೆ ನೇರವಾಗಿ ಮನೆಯ ಟಿವಿಗೆ ಕೊಟ್ಟಿದ್ದರು. ಮಕ್ಕಳಿರುವ ಮನೆಗಳಿಗೆ ಕಾಯುವುದು ಅಭ್ಯಾಸವಾಗಿತ್ತು. ನಾಲ್ಕು ಜನ ಹೋದರೆ ಟಿಕೆಟ್ಟಿಗೇ ಅರವತ್ತು ಡಾಲರ್ ಮೇಲೆ. ಸುಮ್ನೆ ಯಾಕೆ ಹೋಗುತ್ತಾರೆ?

ನಾನು ಫ್ಲ್ಯಾಶ್ ಅನ್ನು ಮೊದಲ ರಾತ್ರಿಯೇ ನೋಡಿದೆ. ಹಾಲ್ ಮುಕ್ಕಾಲು ತುಂಬಿತ್ತು. ಶುರುವಿನಲ್ಲೇ ಆಸ್ಪತ್ರೆಯಿಂದ ಪುಟ್ಟ ಮಕ್ಕಳು ಗಾಳಿಯಲ್ಲಿ ಉರುಳಿ ಬೀಳುವ ದೃಶ್ಯ ಇದೆ. ಮಕ್ಕಳ ಮುಖ ಮೇಣದ ಬೊಂಬೆ ತರ ಇತ್ತು. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಧ್ಯೆ ಚೆನ್ನಾಗಿರುವ ದೃಶ್ಯಗಳಿದ್ದವು, ತಾಯಿ ಮತ್ತು ಮಗನ ಭಾಗವಂತೂ ನನಗೆ ನಿಜಕ್ಕೂ ಹಿಡಿಸಿತು. ಆದರೆ ಆ ವರ್ಷದ ಜನವರಿಯಲ್ಲೇ ಡಿಸಿ ಕಾಮಿಕ್ಸ್‌ನ ಸೂಪರ್‌ಹೀರೋ ಸಿನಿಮಾಗಳ (ಫ್ಲ್ಯಾಶ್ ಅದರಲ್ಲೊಂದು) ಕಥೆಯನ್ನು ಹೊಸದಾಗಿ ಶುರು ಮಾಡುತ್ತೇವೆ ಅಂತ ಸ್ಟುಡಿಯೋದವರೇ ಹೇಳಿದ್ದರು. ಈ ಕಥೆ ಮುಂದೆ ಎಲ್ಲಿಗೂ ಹೋಗುವುದಿಲ್ಲ ಅಂತ ಗೊತ್ತಿದ್ದೂ ಎರಡೂವರೆ ಗಂಟೆ ಅದರ ಮೇಲೆ ಮನಸ್ಸಿಡುವುದು ಕಷ್ಟ. ಹೊರಗೆ ಬರುವಾಗ ಜನ ಕಾರ್ ಎಲ್ಲಿ ನಿಲ್ಲಿಸಿದ್ದೇವೆ ಅಂತ ಮಾತಾಡುತ್ತಿದ್ದರು. ಸಿನಿಮಾ ಬಗ್ಗೆ ಒಂದು ಮಾತೂ ಕೇಳಿಸಲಿಲ್ಲ.

ಎಲಿಮೆಂಟಲ್‌ಗೆ ಹೋದದ್ದು ಎರಡನೇ ಮಂಗಳವಾರ, ಜೂನ್ 27ಕ್ಕೆ. ಮಧ್ಯಾಹ್ನ ನೋಡಿದಾಗ ಹದಿನಾಲ್ಕು ಸೀಟು ಹೋಗಿದ್ದವು. ಐದು ಗಂಟೆಗೆ ನಲವತ್ತು. ಆಟ ಶುರುವಾಗುವಾಗ ಮುಂದಿನ ಎರಡು ಸಾಲು ಬಿಟ್ಟರೆ ಎಲ್ಲ ಭರ್ತಿ. ಪಕ್ಕದ ಹಾಲ್‌ನಲ್ಲಿದ್ದ ಫ್ಲ್ಯಾಶ್‌ಗೆ ಅದೇ ಹೊತ್ತಿಗೆ ಆರು ಸೀಟು.

ಎಲಿಮೆಂಟಲ್ ನಿರ್ದೇಶಕ ಪೀಟರ್ ಸೋನ್ ಅವರ ತಂದೆತಾಯಿ ಕೊರಿಯಾದಿಂದ ನ್ಯೂಯಾರ್ಕ್‌ಗೆ ಬಂದವರು, ಬ್ರಾಂಕ್ಸ್‌ನಲ್ಲಿ ದಿನಸಿ ಅಂಗಡಿ ನಡೆಸಿದವರು. ಸಿನಿಮಾದ ಪಾತ್ರಗಳ ಮೈಯೇ ಬೆಂಕಿ, ನೀರು ಇಂಥದ್ದು. ಅದರಲ್ಲೂ ಬೆಂಕಿಯ ಅಪ್ಪ ಒಬ್ಬ ಹೊಸ ಊರಿಗೆ ಬಂದು ಅಂಗಡಿ ಇಡುತ್ತಾನೆ. ಊರು ಬಿಡುವಾಗ ಅವನು ತನ್ನ ಅಪ್ಪನಿಗೆ ನೆಲಕ್ಕೆ ಬಾಗಿ ನಮಸ್ಕಾರ ಮಾಡಿರುತ್ತಾನೆ. ಆ ಅಪ್ಪ ತಿರುಗಿ ನಮಸ್ಕಾರ ಮಾಡಿರುವುದಿಲ್ಲ. ಕೊನೆಯಲ್ಲಿ ಮಗಳು ಮನೆ ಬಿಟ್ಟು ಹೊರಡುತ್ತಾಳೆ. ಅದೇ ತರ ಬಾಗುತ್ತಾಳೆ. ಈ ಸಲ ಅಪ್ಪ ತಾನೂ ಬಾಗುತ್ತಾನೆ.

ನಾನು ಬೆಂಗಳೂರಿನ ಏರ್‌ಪೋರ್ಟ್ ಬಾಗಿಲಲ್ಲಿ ಅಪ್ಪನ ಕಾಲಿಗೆ ಬಿದ್ದಾಗ ಅವರು ತಲೆ ಮೇಲೆ ಕೈ ಇಟ್ಟು ‘ಹುಷಾರು’ ಅಂದಿದ್ದರು. ಅಷ್ಟೇ. ಆಮೇಲೆ ಟ್ರಾಲಿಯನ್ನು ಸರಿ ಮಾಡಲು ಬಗ್ಗಿದರು. ಅವತ್ತು ಥಿಯೇಟರಿನಲ್ಲಿ ಅದೆಲ್ಲ ಒಟ್ಟಿಗೆ ಬಂತು. ನನ್ನ ಸಾಲಿನಲ್ಲಿ ಒಬ್ಬರು ಲೈಟ್ ಹಾಕಿದ ಮೇಲೂ ಏಳಲಿಲ್ಲ. ಅವರ ಮಗು ‘ಹೋಗೋಣ, ಹೋಗೋಣ’ ಅಂತ ಇಂಗ್ಲಿಷಿನಲ್ಲಿ ತೋಳು ಎಳೆಯುತ್ತಿತ್ತು.

ಮನೆಗೆ ಬಂದವನು ರಾತ್ರಿಯೇ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಬರೆದೆ: ‘ಮಕ್ಕಳನ್ನು ಕರೆದುಕೊಂಡು ಹೋಗಿ. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.’ ಆ ಶನಿವಾರ ಆರು ಮನೆಯವರು ಹೋದರು. ನನ್ನಂಥ ಎಷ್ಟು ಜನ ಎಷ್ಟು ಗುಂಪಿಗೆ ಬರೆದರೋ. ಫ್ಲ್ಯಾಶ್‌ನ ಗಳಿಕೆ ಎರಡನೇ ವಾರಾಂತ್ಯದಲ್ಲಿ ಶೇ. 70ಕ್ಕೂ ಜಾಸ್ತಿ ಕುಸಿದಿತ್ತು. ಎಲಿಮೆಂಟಲ್ ತಿಂಗಳುಗಟ್ಟಲೆ ಓಡಿತು. ದಕ್ಷಿಣ ಕೊರಿಯಾ ಒಂದರಲ್ಲೇ 70 ಲಕ್ಷಕ್ಕೂ ಜಾಸ್ತಿ ಟಿಕೆಟ್ ಹೋದವು. ಕೊನೆಗೆ ಪ್ರಪಂಚದ ಲೆಕ್ಕ ನೋಡಿದರೆ ಎಲಿಮೆಂಟಲ್‌ಗೆ ಸುಮಾರು 50 ಕೋಟಿ ಡಾಲರ್, ಫ್ಲ್ಯಾಶ್‌ಗೆ ಸುಮಾರು 27 ಕೋಟಿ.

ಇದು ಹೊಸದೇನೂ ಅಲ್ಲ. 1997ರಲ್ಲಿ ‘ಟೈಟಾನಿಕ್’ ಮೊದಲ ವಾರಾಂತ್ಯದಲ್ಲಿ ಗಳಿಸಿದ್ದು 2.86 ಕೋಟಿ ಡಾಲರ್ ಮಾತ್ರ. ಆಮೇಲೆ ಸತತ 15 ವಾರ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ‘ಸಿನ್ನರ್ಸ್’ ಮೊದಲ ವಾರಾಂತ್ಯ 4.8 ಕೋಟಿ ಗಳಿಸಿತು, ಎರಡನೇ ವಾರಾಂತ್ಯ ಹತ್ತಿರ ಹತ್ತಿರ ಅಷ್ಟನ್ನೇ ಗಳಿಸಿತು. ಅದಕ್ಕೆ ನಾನು ಮೂರು ಸಲ ಹೋದೆ. ಪಾಸ್ ಇದ್ದರೆ ಈ ಭಾಗ್ಯ ಇದೆ. ನಮ್ಮ ‘ಕಾಂತಾರ’ 2022ರಲ್ಲಿ ಇದೇ ಥಿಯೇಟರಿಗೆ ಬಂದಾಗಲೂ ಹೀಗೇ ಆಯಿತು. ಮೊದಲ ವಾರ ರಾತ್ರಿ ಒಂದೇ ಆಟ, ಬರೀ ನಮ್ಮವರು. ಮೂರನೇ ವಾರ ಕನ್ನಡ ಬಾರದವರು ಸೀಟಿಗೆ ಪರದಾಡುತ್ತಿದ್ದರು.

ಲಾಸ್ ವೇಗಸ್‌ನ ಸಿನಿಮಾಸ್ಕೋರ್ ಅನ್ನುವ ಸಂಸ್ಥೆ ಬಿಡುಗಡೆ ದಿನ ಥಿಯೇಟರ್ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಕೈಲೇ ದರ್ಜೆ ಕೊಡಿಸುತ್ತದೆ. ಫ್ಲ್ಯಾಶ್‌ಗೆ ‘ಬಿ’ ಬಂದಿತ್ತು, ಎಲಿಮೆಂಟಲ್‌ಗೆ ‘ಎ’. ದುಡ್ಡು ಕೊಟ್ಟು ಇಷ್ಟಪಟ್ಟು ಬಂದವರು ಮೊದಲ ದಿನ ‘ಬಿ’ ಕೊಟ್ಟರೆ ಅದು ಒಳ್ಳೆಯ ಅಂಕ ಅಂತ ನಾನು ತಿಳಿಯುವುದಿಲ್ಲ. 2024ರ ಎರಡನೇ ‘ಜೋಕರ್’ ಸಿನಿಮಾಕ್ಕೆ ಸಿಕ್ಕಿದ್ದು ‘ಡಿ’. ಮೊದಲನೆಯದು 100 ಕೋಟಿ ಡಾಲರ್ ದಾಟಿತ್ತು. ಇದು ಸುಮಾರು 20 ಕೋಟಿ ಗಳಿಸುವಷ್ಟರಲ್ಲಿ ಸುಸ್ತಾಯಿತು. ಮೊದಲನೆಯದನ್ನು ಇಷ್ಟಪಟ್ಟವರಿಗೆ ಇನ್ನೊಂದು ತರದ ಸಿನಿಮಾ, ಅದೂ ಹಾಡುಗಳ ಸಿನಿಮಾ, ತೋರಿಸಿದರು. ಟ್ರೈಲರಿನಲ್ಲಿ ಅದನ್ನು ಬಿಚ್ಚಿ ಹೇಳಲಿಲ್ಲ. ನನ್ನ ಹಾಲ್‌ನಲ್ಲಿ ಮಧ್ಯೆ ಎದ್ದು ಹೋದವರನ್ನು ಎಣಿಸಿದ್ದೇನೆ, ಹನ್ನೊಂದು ಜನ. ನನಗೆ ಅವರ ಮೇಲೆ ಬೇಜಾರಿಲ್ಲ.

ಹಾಗಂತ ಚೆನ್ನಾಗಿರುವುದೆಲ್ಲ ಓಡುತ್ತದೆ ಅಂತ ಹೇಳಲಾರೆ. 2024ರ ‘ಫ್ಯೂರಿಯೋಸಾ’ ನನ್ನ ನೋಟ್‌ಬುಕ್ಕಿನಲ್ಲಿ ಆ ವರ್ಷದ ಮೊದಲ ಮೂರರಲ್ಲಿದೆ. ಹಾಕಿದ್ದು ಸುಮಾರು 17 ಕೋಟಿ, ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ಗಲ್ಲಾಪೆಟ್ಟಿಗೆಯ ದುಡ್ಡಿನಲ್ಲಿ ಅರ್ಧದಷ್ಟು ಥಿಯೇಟರಿನವರಿಗೆ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ಹಾಗಾಗಿ ಇದು ದೊಡ್ಡ ನಷ್ಟ. ಅದಕ್ಕೂ ಒಂಬತ್ತು ವರ್ಷದ ಹಿಂದಿನ ಸಿನಿಮಾದ ಪಾತ್ರ, ಅದರ ಹಿಂದಿನ ಕಥೆ, ಆ ಪಾತ್ರ ಬದುಕುತ್ತದೆ ಅಂತ ಮೊದಲೇ ಗೊತ್ತು. ‘ಮುಂದೇನಾಗುತ್ತದೆ’ ಅನ್ನುವ ಕುತೂಹಲ ಅರ್ಧ ಅಲ್ಲೇ ಹೋಯಿತು. ಅದೇ ಕಥೆಯನ್ನು ಅರ್ಧ ಖರ್ಚಿನಲ್ಲಿ ಮಾಡಿದ್ದರೆ ಬದುಕುತ್ತಿತ್ತು ಅನ್ನಿಸುತ್ತದೆ. 2023ರ ‘ಮೆಗನ್’ ನೋಡಿ. 1.2 ಕೋಟಿಯಲ್ಲಿ ಮಾಡಿದ ಗೊಂಬೆಯ ಕಥೆ, 18 ಕೋಟಿ ತಂತು. ಭಯದ ಸಿನಿಮಾಗಳಿಗೆ ದೊಡ್ಡ ಹೀರೋ ಬೇಕಿಲ್ಲ, ಹಾಲ್‌ನ ಕತ್ತಲೆ ಮತ್ತು ಪಕ್ಕದವರ ಕಿರುಚಾಟ ಬೇಕು.

ದಿನ ನೋಡಿ ಬಿಡುಗಡೆ ಮಾಡದೆ ಕೆಟ್ಟವೂ ಇವೆ. ಟಾಮ್ ಕ್ರೂಸ್ ಅವರ ‘ಮಿಷನ್ ಇಂಪಾಸಿಬಲ್’ 2023ರ ಜುಲೈ 12ಕ್ಕೆ ಬಂತು. ಒಂಬತ್ತೇ ದಿನಕ್ಕೆ ‘ಒಪೆನ್‌ಹೈಮರ್’ ಬಂದು ಐಮ್ಯಾಕ್ಸ್ ಪರದೆಗಳನ್ನೆಲ್ಲ ತೆಗೆದುಕೊಂಡಿತು, ಪಕ್ಕದಲ್ಲಿ ‘ಬಾರ್ಬಿ’. ನಮ್ಮ ಥಿಯೇಟರಿನಲ್ಲಿ ಎರಡನೇ ಮಂಗಳವಾರದ ಹೊತ್ತಿಗೆ ಮಿಷನ್ ಚಿಕ್ಕ ಹಾಲಿಗೆ ಹೋಗಿತ್ತು. ಅದೇ ಹೀರೋ ಹಿಂದಿನ ವರ್ಷ ‘ಟಾಪ್ ಗನ್: ಮ್ಯಾವರಿಕ್’ ಅನ್ನು ಕೋವಿಡ್‌ಗಾಗಿ ಎರಡು ವರ್ಷ ಕಾದು ಥಿಯೇಟರಿಗೇ ತಂದಿದ್ದರು. ನಟರನ್ನು ನಿಜವಾದ ಯುದ್ಧವಿಮಾನದ ಹಿಂದಿನ ಸೀಟಿನಲ್ಲಿ ಕೂರಿಸಿ ಚಿತ್ರ ತೆಗೆದಿದ್ದರು. ವಿಮಾನ ತಿರುಗಿದಾಗ ಅವರ ಕೆನ್ನೆ ಜಗ್ಗುವುದು ಕಾಣುತ್ತದೆ. ಕಂಪ್ಯೂಟರ್‌ನಲ್ಲಿ ಮಾಡಿದ ಮುಖಕ್ಕೂ ಇದಕ್ಕೂ ವ್ಯತ್ಯಾಸ ಹೇಳಿಕೊಡಲು ಯಾರೂ ಬೇಕಿಲ್ಲ, ನನ್ನ ಎಂಟು ವರ್ಷದ ಮಗಳೇ ಹೇಳಿದಳು. 149 ಕೋಟಿ ಡಾಲರ್ ಬಂತು ಅದಕ್ಕೆ.

ಇನ್ನು ಪಾಸ್‌ನ ಕೊರತೆಗಳು. ಬೆಲೆ ಈ ನಾಲ್ಕು ವರ್ಷದಲ್ಲಿ ಏರಿದೆ. ಆಟದ ಸಮಯ ಏಳು ಅಂದರೆ ಸಿನಿಮಾ ಶುರುವಾಗುವುದು ಏಳೂ ಇಪ್ಪತ್ತೈದಕ್ಕೆ, ಅಲ್ಲಿಯವರೆಗೆ ಜಾಹೀರಾತು. ಒಂದು ಹಾಲ್‌ನಲ್ಲಿ ಪ್ರೊಜೆಕ್ಟರ್ ಬೆಳಕು ಮಂಕಾಗಿ, ರಾತ್ರಿಯ ದೃಶ್ಯಗಳಲ್ಲಿ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ಮೂರು ಸಲ ಹೇಳಿದ ಮೇಲೆ ಸರಿ ಮಾಡಿದರು. ಜನ ಥಿಯೇಟರಿಗೆ ಬರುತ್ತಿಲ್ಲ ಅಂತ ದೂರುವ ಮೊದಲು ಇದನ್ನು ನೋಡಬೇಕು. ಚಿತ್ರ ಸರಿಯಾಗಿ ಕಾಣದಿದ್ದರೆ ಒಳ್ಳೆಯ ಸಿನಿಮಾವೂ ಸೋಲುತ್ತದೆ, ಪಾಪ ನಿರ್ದೇಶಕ ಏನು ಮಾಡುತ್ತಾನೆ.

ತಿಂಗಳಿಗೆ ಎರಡಾದರೂ ನೋಡುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಚಿಕ್ಕ ಮಕ್ಕಳಿದ್ದು ಮನೆಮಂದಿಯೆಲ್ಲ ಒಟ್ಟಿಗೇ ಹೋಗುವವರಿಗೆ ಪಾಸ್‌ಗಿಂತ ಮಂಗಳವಾರದ ಅಗ್ಗದ ಟಿಕೆಟ್ಟೇ ಲಾಭ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ಒಂದು ಕಳೆದದ್ದು ಆ ಮಂಕು ಪ್ರೊಜೆಕ್ಟರಿಗೆ. ಈ ವಾರದ ಮಂಗಳವಾರಕ್ಕೆ ಎಫ್ ಸಾಲಿನಲ್ಲಿ ಒಂದು ಸೀಟು ಹಿಡಿದಿದ್ದೇನೆ. ಬೆಳಿಗ್ಗೆ ಒಂಬತ್ತು ಸೀಟು ಹೋಗಿದ್ದವು, ಈಗ ನೋಡಿದರೆ ಇಪ್ಪತ್ತಮೂರು.