ಎಸ್ಸೆಸ್ಸೆಲ್ಸಿ ನಂತರದ ಕರಿಯರ್ ಕೌನ್ಸೆಲಿಂಗ್: ಟೆಸ್ಟ್ ಚೆನ್ನಾಗಿದೆ, ಸಲಹೆ ಬೇಡ

ತುಮಕೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಆಪ್ಟಿಟ್ಯೂಡ್ ಟೆಸ್ಟ್ ಮಾಡಿ ಮುಂದೇನು ಓದಬಹುದು ಅಂತ ಹೇಳುವ ಒಂದು ಸೆಂಟರಿಗೆ ನನ್ನ ಮಗಳನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಒಬ್ಬರಿಗೆ 3,000 ರೂಪಾಯಿ.

ಟೆಸ್ಟ್ ಬಗ್ಗೆ ದೂರಿಲ್ಲ. ಪ್ರಶ್ನೆಗಳು ಕನ್ನಡದಲ್ಲೂ ಇವೆ. ಹಲ್ಲಿನ ಚಕ್ರ ಯಾವ ಕಡೆ ತಿರುಗುತ್ತದೆ, ಬಿಚ್ಚಿಟ್ಟ ಡಬ್ಬಿಯನ್ನು ಮಡಚಿದರೆ ಹೇಗೆ ಕಾಣುತ್ತದೆ, ಇಂಥವು. ಮಗಳಿಗೆ ಜಾಸ್ತಿ ಅಂಕ ಬಂದಿದ್ದು ಇಂಥ ಪ್ರಶ್ನೆಗಳಲ್ಲೇ. ಅವಳಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಆಸೆ.

ಕೌನ್ಸೆಲರ್ ಆ ಅಂಕ ನೋಡಿದರು, ಆಮೇಲೆ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, "ಸರ್, ಹೆಣ್ಣುಮಗು, ವರ್ಕ್‌ಶಾಪು, ಶಿಫ್ಟು ಅಂತ ಯಾಕೆ? ಟೀಚಿಂಗ್ ಸೇಫು, ಇಲ್ಲಾ ಕಂಪ್ಯೂಟರ್ ಕೊಡಿಸಿ" ಅಂದರು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಹುಡುಗಿಯರಿಗೆ ಕೊಡುವ ಪ್ರಗತಿ ಸ್ಕಾಲರ್‌ಶಿಪ್ ಬಗ್ಗೆ ಒಂದು ಮಾತೂ ಇಲ್ಲ. ಡಿಪ್ಲೊಮಾ ಓದುವ ಹುಡುಗಿ ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ, ಮನೆಯ ವರ್ಷದ ವರಮಾನ 8 ಲಕ್ಷ ದಾಟಿರಬಾರದು. ದುಡ್ಡು ತಗೊಂಡವರು ಹೇಳಬೇಕಾದ್ದು ಇದನ್ನಲ್ವಾ?

ಅಕ್ಕನ ಮಗನದ್ದು ಇನ್ನೊಂದು ಥರ. ಅವನು ತಾತನಿಗೆ ಹುಷಾರಿಲ್ಲದಾಗ ಜೊತೆಗಿದ್ದು ನೋಡಿಕೊಂಡ ಹುಡುಗ, ನರ್ಸಿಂಗ್ ಮಾಡುತ್ತೇನೆ ಅಂತಾನೆ. ಅವನಿಗೆ ಸಿಕ್ಕ ಉತ್ತರ: "ಗಂಡು ಹುಡುಗ, ನಾಳೆ ಮನೆ ನಡೆಸ್ಬೇಕು, ಐಟಿಐ ಎಲೆಕ್ಟ್ರಿಷಿಯನ್ ನೋಡಿ." ಐಟಿಐ ಒಳ್ಳೆಯ ಕೋರ್ಸೇ, ಆದರೆ ಅವನು ಕೇಳಿದ್ದು ಅದನ್ನಲ್ಲ. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಬಯಾಲಜಿ ಇರಲೇಬೇಕು, ಈಗ ಹೇಳದಿದ್ದರೆ ಆ ದಾರಿ ಇಲ್ಲೇ ಮುಚ್ಚಿಹೋಗುತ್ತದೆ. ಯಾವುದೇ ದೊಡ್ಡ ಆಸ್ಪತ್ರೆಯ ಐಸಿಯುಗೆ ಹೋಗಿ ನೋಡಿ, "ಬ್ರದರ್, ಸ್ವಲ್ಪ ಬನ್ನಿ" ಅಂತ ಪೇಷಂಟಿನ ಮನೆಯವರು ಗಂಡು ನರ್ಸ್‌ಗಳನ್ನು ಕರೆಯುತ್ತಿರುತ್ತಾರೆ.

ಸೆಂಟರಿನ ಗೋಡೆ ಮೇಲಿನ ಎನ್‌ಡಿಎ (ಸೇನಾ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಅಕಾಡೆಮಿ) ಪೋಸ್ಟರಿನಲ್ಲೂ ಬರೀ ಹುಡುಗರೇ. 2022ರಿಂದ ಅಲ್ಲಿ ಹುಡುಗಿಯರೂ ತರಬೇತಿ ಪಡೆಯುತ್ತಿದ್ದಾರೆ, ಮೊದಲ ಬ್ಯಾಚ್ 2025ರ ಮೇನಲ್ಲಿ ಪಾಸಾಗಿ ಹೊರಬಂತು.

ನನಗೆ ತುಂಬಾ ಬೇಜಾರಾಗಿದ್ದು ಬಸ್ಸಿನಲ್ಲಿ. ಬೆಳಿಗ್ಗೆ ಪಾಲಿಟೆಕ್ನಿಕ್ ಬಗ್ಗೆ ಬಾಯಿ ಮುಚ್ಚದೆ ಮಾತಾಡುತ್ತಿದ್ದವಳು, "ಬಿಡಪ್ಪಾ, ಕಂಪ್ಯೂಟರೇ ತಗೋತೀನಿ" ಅಂದಳು. ಹದಿನಾರು ವರ್ಷದ ಮಕ್ಕಳ ಆಸೆ ಬದಲಾಗೋದು ಹೀಗೇ. ಆಮೇಲೆ ನಾವೇ "ಹುಡುಗಿಯರಿಗೆ ಮೆಷಿನ್ ಅಂದ್ರೆ ಇಷ್ಟ ಇಲ್ಲ" ಅಂತೀವಿ.

ಹೋಗುವವರು ಟೆಸ್ಟ್ ಬರೆಸಿ, ಅಂಕಪಟ್ಟಿ ಕೇಳಿ ತಗೊಳ್ಳಿ. ಸಲಹೆಗೆ ಮಾತ್ರ ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್ಕಿಗೋ ನರ್ಸಿಂಗ್ ಕಾಲೇಜಿಗೋ ಹೋಗಿ, ಅಲ್ಲಿ ಓದುತ್ತಿರುವವರ ಜೊತೆ ಮಕ್ಕಳೇ ಮಾತಾಡಲಿ. ನಾವು ಮುಂದಿನ ವಾರ ಹೊರಟಿದ್ದೇವೆ, ಇಬ್ಬರನ್ನೂ ಕರೆದುಕೊಂಡು.