ಧ್ವನಿಸುರುಳಿಯಿಂದ ಪೆನ್‌ಡ್ರೈವಿಗೆ: ಕಲಬುರಗಿಯ ಒಂದು ಅಂಗಡಿಯ ಕೆಲಸ

ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ನಡೆದುಹೋಗುವಷ್ಟು ದೂರದಲ್ಲಿ, ಟಿವಿ ಮತ್ತು ಮಿಕ್ಸರ್ ರಿಪೇರಿಯನ್ನೇ ನಂಬಿಕೊಂಡಿದ್ದ ಸಣ್ಣ ಅಂಗಡಿಯೊಂದು ಈಚೆಗೆ ಹಳೆಯ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಕೆಲಸವನ್ನೂ ಹಿಡಿದಿದೆ. ತಂದೆಯವರ ಕಬ್ಬಿಣದ ಟ್ರಂಕಿನಲ್ಲಿದ್ದ ಹತ್ತೊಂಬತ್ತು ಚಲನಚಿತ್ರ ಕ್ಯಾಸೆಟ್‌ಗಳನ್ನು ನಾನು ಅಲ್ಲಿ ಕೊಟ್ಟೆ. ಒಂದಕ್ಕೆ 150 ರೂಪಾಯಿ, ಎರಡು ವಾರದ ವಾಯಿದೆ. ಕೆಲಸ ಮುಗಿದದ್ದು ಐದನೆಯ ವಾರದಲ್ಲಿ.

ಇದಕ್ಕೆಲ್ಲ ಕಾರಣ ನಮ್ಮ ಮನೆಯ ಭಾನುವಾರದ ಜಗಳ. ಜಿ.ಕೆ. ವೆಂಕಟೇಶ್ ಮತ್ತು ರಾಜನ್-ನಾಗೇಂದ್ರರ ನಂತರ ಕನ್ನಡ ಚಿತ್ರಗಳಲ್ಲಿ ಸಂಗೀತವೇ ಇಲ್ಲವೆಂಬುದು ನಮ್ಮ ಕಾಕಾ ಅವರ ಖಚಿತ ಅಭಿಪ್ರಾಯ. ಅಜನೀಶ್ ಲೋಕನಾಥ್, ಚರಣ್ ರಾಜ್, ರವಿ ಬಸ್ರೂರು ಅವರ ಹಿನ್ನೆಲೆ ಸಂಗೀತವನ್ನು ಹೆಡ್‌ಫೋನಿನಲ್ಲಿ ಕೇಳುತ್ತಲೇ ಓದುವ ನಮ್ಮ ಅಣ್ಣನ ಮಗನಿಗೆ ಅದು ಅನ್ಯಾಯದ ಮಾತು. ಬಹಳ ದಿನಗಳ ಮೇಲೆ ನನಗೆ ಹೊಳೆದದ್ದೇನೆಂದರೆ, ಕಾಕಾ ವಾದಿಸುತ್ತಿದ್ದುದು ಹಾಡುಗಳ ಬಗ್ಗೆ, ಹುಡುಗ ವಾದಿಸುತ್ತಿದ್ದುದು ಮಾತುಗಳ ನಡುವೆ ಹರಿಯುವ ವಾದ್ಯಗಳ ಬಗ್ಗೆ. ಎರಡೂ ಬೇರೆ ಬೇರೆ ಕಸುಬುಗಳೆಂಬುದನ್ನು ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯವರು ಕೂಡ 2009ರ ಚಿತ್ರಗಳಿಂದೀಚೆಗೆ ಒಪ್ಪಿ, ಹಾಡಿಗೆ ಒಂದು, ಹಿನ್ನೆಲೆ ಸಂಗೀತಕ್ಕೆ ಇನ್ನೊಂದು ಎಂದು ಪ್ರಶಸ್ತಿಯನ್ನು ಬೇರ್ಪಡಿಸಿದ್ದಾರೆ. 2015ರ ‘ರಂಗಿತರಂಗ’ದಲ್ಲಿ ಹಾಡುಗಳು ಅನೂಪ್ ಭಂಡಾರಿಯವರವು, ಹಿನ್ನೆಲೆ ಸಂಗೀತ ಅಜನೀಶ್ ಅವರದು. ಆ ಚಿತ್ರದ ಸಂಗೀತ ಚೆನ್ನಾಗಿದೆ ಎಂದವರನ್ನು ಯಾವುದು ಎಂದು ಕೇಳಬೇಕಾಗುತ್ತದೆ.

ಕ್ಯಾಸೆಟ್ ಕಾಲದವರಿಗೆ ಈ ಭೇದ ತಿಳಿಯದೆ ಹೋದದ್ದಕ್ಕೆ ಕಾರಣವೂ ಉಂಟು. ಕ್ಯಾಸೆಟ್‌ನಲ್ಲಿ ಮನೆಗೆ ಬರುತ್ತಿದ್ದುದು ಬಹುಮಟ್ಟಿಗೆ ಹಾಡು ಮಾತ್ರ. ಹಿನ್ನೆಲೆ ಸಂಗೀತ ಟಾಕೀಸಿನಲ್ಲೇ ಉಳಿದುಬಿಡುತ್ತಿತ್ತು.

ಅಂಗಡಿಯವರ ಕೈಚಳಕವನ್ನು ನಾನು ಎರಡು ತಾಸು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಸೆಕೆಗೆ ಕೆಲವು ಕ್ಯಾಸೆಟ್‌ಗಳ ಪ್ಲಾಸ್ಟಿಕ್ ಡೊಂಕಾಗಿತ್ತು, ಟೇಪನ್ನು, ಅದರ ದನಿಯನ್ನು ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟಿನ ಚೂರು ಹಲವುಗಳಲ್ಲಿ ಉದುರಿಹೋಗಿತ್ತು. ಅವರು ತಿರುಪುಗಳನ್ನು ಬಿಚ್ಚಿ, ಎರಡು ಸುರುಳಿಗಳನ್ನು ಎತ್ತಿ ಬೇರೊಂದು ಡಬ್ಬಿಗೆ ಕೂರಿಸಿ, ಹೊಸ ಫೆಲ್ಟನ್ನು ಚಿಮಟದಲ್ಲಿ ಹಿಡಿದು ಅಂಟಿಸಿದರು. ಆಮೇಲೆ ಕ್ಯಾಸೆಟ್ ನುಡಿಸುವ ಡೆಕ್ಕಿನಲ್ಲಿ ಹಾಕಿ, ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಗಡಿಯಾರ ರಿಪೇರಿಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ, ಕಂಬಳಿ ಹೊದ್ದಂತಿದ್ದ ದನಿ ಫಕ್ಕನೆ ತೆರೆದುಕೊಳ್ಳುವವರೆಗೂ ಕಿವಿಗೊಟ್ಟು ಕುಳಿತರು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಡೆಕ್ಕಿನೊಳಗೆ ಅದನ್ನು ಓಡಿಸುವ ಬೆಲ್ಟು ಸಡಿಲಾಗಿದ್ದರೆ ಶ್ರುತಿ ಇಳಿದು ಗಾಯಕರಿಗೆ ನೆಗಡಿಯಾದಂತೆ ಕೇಳುತ್ತದೆ. ನಮ್ಮ ಹತ್ತೊಂಬತ್ತರಲ್ಲಿ ಒಂದರ ಶ್ರುತಿಯೂ ಇಳಿದಿಲ್ಲವೆಂದು ಕಾಕಾ ಹಾರ್ಮೋನಿಯಂ ಮುಂದಿಟ್ಟುಕೊಂಡು ಪರೀಕ್ಷಿಸಿದ್ದಾರೆ.

ಗಂಟಿನಲ್ಲಿ ‘ಬಬ್ರುವಾಹನ’ದ ಸಂಭಾಷಣೆಯ ಕ್ಯಾಸೆಟ್ ಒಂದಿತ್ತು. 1977ರ ಈ ಚಿತ್ರಕ್ಕೆ ಸಂಗೀತ ನೀಡಿದವರು ಟಿ.ಜಿ. ಲಿಂಗಪ್ಪ. ಜಾತ್ರೆಯ ಮೈಕಿನಲ್ಲಿ ಅಂಥ ಕ್ಯಾಸೆಟ್‌ಗಳನ್ನು ಕೇಳಿದ ನಾವೆಲ್ಲ ರಾಜ್‌ಕುಮಾರ್ ಅವರ ಮಾತಿಗಷ್ಟೇ ಕಿವಿಗೊಟ್ಟವರು. ಶುಚಿಯಾಗಿ ಇಳಿಸಿದ ಪ್ರತಿಯಲ್ಲಿ ಒಂದು ಮಾತು ಮುಗಿದು ಇನ್ನೊಂದು ಏಳುವ ನಡುವಿನ ವಾದ್ಯಗಳೂ ಬಿಡಿಬಿಡಿಯಾಗಿ ಕೇಳಿಸಿದಾಗ ಹುಡುಗ ಮೊದಲ ಸಲ ಬಾಯಿಮುಚ್ಚಿ ಕುಳಿತ. ಕಾಕಾ ಮಾತ್ರ ಗೆದ್ದವರಂತೆ, “ಹಾಡಾದ್ರ ಹೊರಗ ಬಂದ ಮ್ಯಾಲ ಗುನುಗ್ತೀವಿ, ಇದು ಒಳಗೇ ಕುಂದರ್ತದ ನೋಡು” ಎಂದರು. ಅಷ್ಟು ವರ್ಷ ಹುಡುಗ ಹೇಳುತ್ತಿದ್ದುದೂ ಅದನ್ನೇ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ. ಈ ಒಂದು ಕ್ಯಾಸೆಟ್‌ಗಾಗಿ ಪೂರ್ತಿ ಹಣ ಕೊಟ್ಟರೂ ನಷ್ಟವಿಲ್ಲ.

ಇನ್ನು ದೂರುಗಳು. ಮೊದಲ ಕಂತಿನಲ್ಲಿ ಅವರು ಕೇಳದೆಯೇ ಎಲ್ಲದಕ್ಕೂ ಗದ್ದಲ ಅಳಿಸುವ ಸಾಫ್ಟ್‌ವೇರ್ ಹಾಯಿಸಿಬಿಟ್ಟಿದ್ದರು. ಟೇಪಿನ ‘ಸ್ಸ್’ ಎಂಬ ಸದ್ದಿನ ಜೊತೆಗೆ ಕೊಳಲಿನ ಕೊನೆಯ ಉಸಿರು, ಪಿಟೀಲು ಮೆಲ್ಲಗೆ ಆರಿಹೋಗುವ ಎಳೆ ಎಲ್ಲವೂ ತೊಳೆದುಹೋಗಿ, ಹಾಡು ನೀರಿನೊಳಗಿನಿಂದ ಬಂದಂತಿತ್ತು. ಹೇಳಿದ ಮೇಲೆ “ಆತ್ರೀ ಸರ, ಮತ್ತ ಮಾಡಿ ಕೊಡ್ತೀನಿ” ಎಂದು, ಹೆಚ್ಚಿನ ಹಣ ಕೇಳದೆ ಪುನಃ ಇಳಿಸಿಕೊಟ್ಟರು. ವಾಯಿದೆ ಮೀರಿದ್ದು ಮುಖ್ಯವಾಗಿ ಇದರಿಂದಲೇ.

ಎರಡನೆಯ ದೂರು ಹೆಸರುಗಳದು, ನನ್ನ ಮಟ್ಟಿಗೆ ಇದೇ ದೊಡ್ಡದು. ಕಡತಗಳಿಗೆ ಚಿತ್ರದ ಹೆಸರನ್ನಷ್ಟೇ ಇಟ್ಟು, ಇಸವಿಯನ್ನು ಬಿಟ್ಟು, ಕಂಪ್ಯೂಟರ್ ಹುಡುಕಿಕೊಟ್ಟ ಪೋಸ್ಟರನ್ನು ಅಂಟಿಸಿದ್ದಾರೆ. ಹೀಗಾಗಿ ರಾಜನ್-ನಾಗೇಂದ್ರರ ಸಂಗೀತವಿರುವ 1973ರ ‘ಗಂಧದ ಗುಡಿ’ಗೆ 2022ರ, ಪುನೀತ್ ರಾಜ್‌ಕುಮಾರ್ ಕಾಡು ಸುತ್ತಿದ ಸಾಕ್ಷ್ಯಚಿತ್ರದ ಪೋಸ್ಟರ್ ಬಂದು ಕುಳಿತಿತು. ವಿಜಯಭಾಸ್ಕರ್ ಅವರ ಸಂಗೀತದ 1972ರ ‘ನಾಗರಹಾವು’ 2016ರ ಹಾವಿಗೆ ಅಂಟಿಕೊಂಡಿತು. ಇಳಯರಾಜ ಸಂಗೀತದ 1981ರ ‘ಗೀತಾ’ ಕೂಡ 2019ರ ಇನ್ನೊಬ್ಬ ಗೀತಾಳ ಮುಖ ಹೊತ್ತು ಬಂತು. ಉಪೇಂದ್ರರ ‘ಶ್!’ ಮತ್ತು ‘ಎ’ ಚಿತ್ರಗಳ ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ಹುಡುಕುವುದಂತೂ ಸಾಧ್ಯವೇ ಆಗಲಿಲ್ಲ, ‘ಎ’ ಎಂದು ಬರೆದರೆ ಇಡೀ ಟ್ರಂಕೇ ಎದುರಿಗೆ ಬರುತ್ತದೆ. ಕೈಸನ್ನೆಯೊಂದನ್ನೇ ಹೆಸರಾಗಿಸಿಕೊಂಡ ಅವರ 2010ರ ಚಿತ್ರದ ಹೊತ್ತಿಗೆ ನಮ್ಮ ಮನೆಗೆ ಕ್ಯಾಸೆಟ್ ಬರುವುದು ನಿಂತಿದ್ದು ಅಂಗಡಿಯವರ ಪುಣ್ಯ.

ಈ ಗೊಂದಲ ಮನೆಯಲ್ಲಿ ಹೊಸ ಜಗಳಕ್ಕೆ ದಾರಿ ಮಾಡಿತು. ಜನರ ಮನಸ್ಸಿನಲ್ಲಿ ನಿಂತ ಹೆಸರನ್ನು ಮತ್ತೆ ಮುಟ್ಟಬಾರದು ಎಂಬುದು ಕಾಕಾ ಅವರ ವಾದ. ಅಪ್ಪನ ಚಿತ್ರದ ಹೆಸರನ್ನು ಮಗ ಹೊತ್ತುಕೊಂಡದ್ದು ಗೌರವವೇ ಹೊರತು ಕಳವಲ್ಲ ಎಂಬುದು ಹುಡುಗನ ಉತ್ತರ. ‘ಗಂಧದ ಗುಡಿ’ಯ ವಿಷಯದಲ್ಲಿ ನಾನು ಹುಡುಗನ ಕಡೆ, ‘ನಾಗರಹಾವು’ ವಿಷಯದಲ್ಲಿ ಕಾಕಾ ಕಡೆ. ಒಂದು ಹೆಸರಿನ ಬಗ್ಗೆ ಮಾತ್ರ ಮೂವರಿಗೂ ತಕರಾರಿಲ್ಲ: 1975ರ ‘ಚೋಮನ ದುಡಿ’. ಬಿ.ವಿ. ಕಾರಂತರೇ ನಿರ್ದೇಶಿಸಿ ಸಂಗೀತವನ್ನೂ ನೀಡಿದ ಆ ಚಿತ್ರದ ಹೆಸರಿನೊಳಗೇ ಒಂದು ವಾದ್ಯವಿದೆ. 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಎಂಬ ಹೆಸರು ಅಡಿಗರ ಕವಿತೆಯದಾದ್ದರಿಂದ ಕಾಕಾ ಅದನ್ನು ಮೆಚ್ಚುತ್ತಾರೆ, ಅದರ ಎರಡು ಭಾಗಗಳಿಗೆ ‘ಸೈಡ್ ಎ’, ‘ಸೈಡ್ ಬಿ’ ಎಂದಿಟ್ಟದ್ದನ್ನು ಒಪ್ಪುವುದಿಲ್ಲ. ಜನ್ಮದಲ್ಲಿ ಒಂದು ಕ್ಯಾಸೆಟ್ಟನ್ನೂ ತಿರುವಿ ಹಾಕದ ಹುಡುಗನಿಗೆ ಇಷ್ಟವಾದದ್ದು ಅದೇ.

ಅಂಗಡಿಯವರು ಪ್ರತಿ ಕ್ಯಾಸೆಟ್ಟಿನ ಎರಡು ಬದಿಗಳನ್ನೂ ಎರಡು ಕಡತಗಳಾಗಿ, ನಡುವಿನ ಮೌನವನ್ನು ಕತ್ತರಿಸದೆ ಕೊಡುತ್ತಾರೆ. ಹಾಡು ಹಾಡಾಗಿ ಬೇಕೆಂದರೆ ಮೊದಲೇ ತಿಳಿಸಬೇಕು. ಮಾವನ ಮನೆಯಿಂದ ಇನ್ನೂ ಏಳು ಕ್ಯಾಸೆಟ್ ಸಿಕ್ಕಿವೆ. ಅವನ್ನು ಅಲ್ಲಿಗೇ ಕೊಟ್ಟಿದ್ದೇನೆ, ಈ ಸಲ ಪ್ರತಿ ಡಬ್ಬಿಯ ಬೆನ್ನಿಗೂ ಚಿತ್ರದ ಇಸವಿ ಮತ್ತು ಸಂಗೀತ ನಿರ್ದೇಶಕರ ಹೆಸರನ್ನು ನಾನೇ ಬರೆದು ಅಂಟಿಸಿ.